14 ತಿಂಗಳ ಮಗು, ಎಡ ಎದೆಯ ಮೇಲ್ಭಾಗದಲ್ಲಿ ಗುಂಡನೆ ಬಿಳುಪು: ಮೊದಲು ಸಿ.ಟಿ.ಯೋ, ಎಂ.ಆರ್.ಐ.ಯೋ?

ಮಕ್ಕಳ_ಓಪಿಡಿ ಕೇಳಿದ್ದು:

14 ತಿಂಗಳ ಮಗು, ತೂಕ 9 ಕೆ.ಜಿ. ಮೂರು ವಾರದ ಕೆಮ್ಮು, ಜ್ವರ ಮೊದಲ ನಾಲ್ಕು ದಿನ ಮಾತ್ರ. ಎಕ್ಸ್-ರೇಯಲ್ಲಿ ಎಡ ಎದೆಯ ಮೇಲ್ಭಾಗದಲ್ಲಿ, ಬೆನ್ನುಮೂಳೆಗೆ ಒತ್ತಿಕೊಂಡಂತೆ, ಅಂಚು ಸ್ಪಷ್ಟವಿರುವ ಗುಂಡನೆಯ ಬಿಳುಪು. ಅಮಾಕ್ಸಿಸಿಲಿನ್ 10 ದಿನ ಕೊಟ್ಟಾಯಿತು. ಕೆಮ್ಮು ಇಳಿದಿದೆ, ಆದರೆ ಫಿಲ್ಮು ಮಾತ್ರ ಇದ್ದ ಹಾಗೇ ಇದೆ. ಉಸಿರಾಟ ಸರಾಗ, ಆಮ್ಲಜನಕ 98. ಮನೆಯಲ್ಲಿ ಅಜ್ಜನಿಗೆ ಹಿಂದೆ ಟಿ.ಬಿ. ಆಗಿತ್ತು.

ಇದು ಥೈಮಸ್ಸೇ ಇರಬಹುದು, ಬಿಡಿ ಎಂದು ಒಬ್ಬರ ಅಭಿಪ್ರಾಯ. ಪ್ಲೇನ್ ಮತ್ತು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಬೆಳಗುವ ದ್ರವ ಕೊಟ್ಟು ಮಾಡುವುದು) ಎರಡೂ ಸಿ.ಟಿ. ಮಾಡಿಸಿ ಎಂದು ಇನ್ನೊಬ್ಬರದು. ನಮ್ಮ ಊರಿನಲ್ಲಿ 16 ಸ್ಲೈಸಿನ ಸಿ.ಟಿ. ಇದೆ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಎಂ.ಆರ್.ಐ. ಮಾಡುವ ಜಾಗ 130 ಕಿ.ಮೀ. ದೂರ. ಕಳಿಸುವ ಮುನ್ನ ಇಲ್ಲೇ ಏನೇನು ನೋಡಬೇಕು? ಮಂಪರಿನ ಔಷಧಿ ಕೊಡಲು ಭಯಪಡಬೇಕೇ?

ನೆರಳು_ಬೆಳಕು (ರೇಡಿಯಾಲಜಿ):

ಡಾಕ್ಟ್ರೇ, ಸಿ.ಟಿ.ಯ ಮಾತು ಆಮೇಲೆ. ಕೈಯಲ್ಲಿರುವ ಫಿಲ್ಮಿನಲ್ಲೇ ಅರ್ಧ ಉತ್ತರ ಇದೆ.

ಥೈಮಸ್ ಎನ್ನುವುದು ಎದೆಮೂಳೆಯ ಹಿಂದೆ, ಹೃದಯದ ಮುಂದೆ ಕೂರುವ ಮೆತ್ತನೆಯ ಅಂಗ. ಪಕ್ಕೆಲುಬು ಒತ್ತಿದ ಕಡೆ ಅದರ ಅಂಚು ಅಲೆಅಲೆಯಾಗಿ ತಗ್ಗುತ್ತದೆ, ಬಲಗಡೆ ಕೆಲವೊಮ್ಮೆ ದೋಣಿಯ ಹಾಯಿಯಂತೆ ಚೂಪಾಗಿ ಚಾಚುತ್ತದೆ. ಎಷ್ಟೇ ದೊಡ್ಡದಿದ್ದರೂ ಶ್ವಾಸನಾಳವನ್ನು ತಳ್ಳುವುದಿಲ್ಲ, ಒತ್ತುವುದೂ ಇಲ್ಲ. ಮಗು ಅಳುತ್ತಾ ಉಸಿರು ಬಿಟ್ಟಾಗ ತೆಗೆದ ಫಿಲ್ಮಿನಲ್ಲಿ ದಪ್ಪ ಕಾಣುತ್ತದೆ, ಒಳಗೆಳೆದಾಗ ತೆಳುವಾಗುತ್ತದೆ. ಸಂಶಯ ಉಳಿದರೆ ಲೀನಿಯರ್ ಪ್ರೋಬನ್ನು ಎದೆಮೂಳೆಯ ಪಕ್ಕದಲ್ಲಿಟ್ಟು ಅಲ್ಟ್ರಾಸೌಂಡ್ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಗೆರೆ, ಚುಕ್ಕೆಗಳು ಚೆಲ್ಲಿದಂತೆ ಕಂಡರೆ ಥೈಮಸ್. ಉಸಿರಿನ ಜೊತೆ ಅದು ಆಕಾರ ಬದಲಿಸುವುದೂ ಕಾಣುತ್ತದೆ. ಐದೇ ನಿಮಿಷದ ಕೆಲಸ, ಇದರಿಂದ ಎಷ್ಟೋ ಕೂಸುಗಳ ಸಿ.ಟಿ. ತಪ್ಪುತ್ತದೆ. ಆದರೆ ನೀವು ಹೇಳಿದ ಜಾಗ ಬೆನ್ನುಮೂಳೆಯ ಪಕ್ಕ. ಅದು ಥೈಮಸ್ಸಿನ ಜಾಗವಲ್ಲ.

ಗಡ್ಡೆ ನಿಜಕ್ಕೂ ಹಿಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಕಾಲರ್ ಮೂಳೆಯ ಮಟ್ಟ ನೋಡಿ. ಅದಕ್ಕಿಂತ ಮೇಲೆಯೂ ಬಿಳುಪಿನ ಅಂಚು ಗೆರೆ ಎಳೆದಂತೆ ಕಾಣುತ್ತಿದ್ದರೆ ಅದು ಹಿಂದಿನದು. ಶ್ವಾಸಕೋಶದ ತುದಿ ಹಿಂದುಗಡೆ ಎತ್ತರಕ್ಕೆ ಏರಿರುತ್ತದೆ, ಮುಂದುಗಡೆ ಕಾಲರ್ ಮೂಳೆಯ ಹತ್ತಿರವೇ ಮುಗಿಯುತ್ತದೆ. ಹಾಗಾಗಿ ಮುಂದಿನ ಗಡ್ಡೆಯಾದರೆ ಅಂಚು ಅಲ್ಲಿಗೇ ಕತ್ತಿನ ಮಾಂಸದಲ್ಲಿ ಕರಗಿಹೋಗುತ್ತದೆ.

ಇನ್ನು ಪಕ್ಕೆಲುಬು. ಎಲ್ಲರೂ ಇಲ್ಲೇ ಎಡವುವುದು: ಕಣ್ಣು ಗಡ್ಡೆಯ ಮೇಲೆ ಕೂತುಬಿಡುತ್ತದೆ, ಅದರ ಹಿಂದಿನ ಎಲುಬನ್ನು ನೋಡುವುದೇ ಇಲ್ಲ. ಒಂದೊಂದೇ ಪಕ್ಕೆಲುಬಿನ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ಹೋಲಿಸುತ್ತಾ ಮೇಲಿನಿಂದ ಕೆಳಕ್ಕೆ ಬನ್ನಿ. ದಪ್ಪ ಒಂದೇ ಇದೆಯೇ? ಎರಡು ಎಲುಬಿನ ನಡುವಿನ ಸಂದು ಒಂದು ಕಡೆ ಅಗಲವಾಗಿದೆಯೇ? ಕೆಳ ಅಂಚು ಸವೆದಿದೆಯೇ? ಡಿಜಿಟಲ್ ಫಿಲ್ಮಾದರೆ ಕಪ್ಪು-ಬಿಳುಪು ತಿರುಗಿಸಿ, ದೊಡ್ಡದು ಮಾಡಿ ನೋಡಿ. ಎಲುಬು ತೆಳುವಾಗಿ ಸಂದು ಅಗಲಿಸಿದ್ದರೆ ಅದು ನ್ಯುಮೋನಿಯಾ ಅಲ್ಲ. ಅಲ್ಲಿ ನಿಧಾನವಾಗಿ ಬೆಳೆಯುತ್ತಿರುವ ಏನೋ ಇದೆ. ಈ ವಯಸ್ಸಿನಲ್ಲಿ, ಈ ಜಾಗದಲ್ಲಿ ಮೊದಲು ನೆನಪಾಗಬೇಕಾದದ್ದು ಸಿಂಪಥೆಟಿಕ್ ನರಸರಪಳಿಯಿಂದ ಹುಟ್ಟುವ ನ್ಯೂರೋಬ್ಲಾಸ್ಟೋಮ ಎಂಬ ಮಕ್ಕಳ ಕ್ಯಾನ್ಸರ್ ಮತ್ತು ಅದರ ಬಂಧುಗಳು.

ಗುಂಡು ನ್ಯುಮೋನಿಯಾ ಕೂಡ ಇದೇ ವೇಷದಲ್ಲಿ ಬರುತ್ತದೆ, ಸಾಮಾನ್ಯವಾಗಿ 8 ವರ್ಷದೊಳಗೆ. ಗಾಳಿಗೂಡುಗಳನ್ನು ಜೋಡಿಸುವ ಕೋನ್ ರಂಧ್ರ, ಲ್ಯಾಂಬರ್ಟ್ ಕಾಲುವೆಗಳು ಸಣ್ಣ ಮಕ್ಕಳಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಸೋಂಕು ಪಕ್ಕಕ್ಕೆ ಹರಡಲಾಗದೆ ಇದ್ದಲ್ಲೇ ಗುಂಡಗೆ ಕಟ್ಟಿಕೊಳ್ಳುತ್ತದೆ. ಆದರೆ ಜ್ವರ ಜೋರಾಗಿರುತ್ತದೆ, ಔಷಧಿಗೆ ಕೆಲವೇ ದಿನಗಳಲ್ಲಿ ಆಕಾರ ಕೆಡುತ್ತದೆ, ಎಲುಬನ್ನು ಮುಟ್ಟುವುದಿಲ್ಲ. ಜ್ವರ ಹೋಗಿ, ಮಗು ಆಡಿಕೊಂಡಿದ್ದು, ಬಿಳುಪು ಮಾತ್ರ ಅಳತೆ ಹಿಡಿದಂತೆ ಉಳಿದಿದ್ದರೆ ಇನ್ನೊಂದು ಆ್ಯಂಟಿಬಯೋಟಿಕ್ ಕೋರ್ಸು ಕೊಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಅಜ್ಜನ ಟಿ.ಬಿ.ಯನ್ನು ಮರೆಯಬೇಡಿ, ಹಾಗೆಂದು ಅದನ್ನೇ ಹಿಡಿದು ಔಷಧಿ ಶುರು ಮಾಡಲೂಬೇಡಿ. ಮಕ್ಕಳ ಟಿ.ಬಿ. ಗ್ರಂಥಿಗಳು ಹೆಚ್ಚಾಗಿ ಶ್ವಾಸನಾಳದ ಬಲಪಕ್ಕ ಮತ್ತು ಶ್ವಾಸಕೋಶದ ಬುಡದಲ್ಲಿರುತ್ತವೆ. ಕಾಂಟ್ರಾಸ್ಟ್ ಕೊಟ್ಟರೆ ಅಂಚು ಬೆಳಗಿ ಒಳಗೆ ಮಂಕಾಗಿ ಕಾಣುತ್ತವೆ. ಬೆನ್ನುಮೂಳೆಯ ಟಿ.ಬಿ. ಆಗಿದ್ದರೆ ಎರಡು ಕಶೇರುಗಳ ನಡುವಿನ ಡಿಸ್ಕ್ ಕುಗ್ಗಿರುತ್ತದೆ, ಕೀವಿನ ಉಬ್ಬು ಸಾಮಾನ್ಯವಾಗಿ ಎರಡೂ ಬದಿಗೆ ಕದಿರಿನ ಆಕಾರದಲ್ಲಿರುತ್ತದೆ. ಡಿಸ್ಕ್ ಸರಿಯಾಗಿದ್ದು ಉಬ್ಬು ಒಂದೇ ಬದಿಗಿದ್ದರೆ ಗಡ್ಡೆಯ ಕಡೆಗೇ ತೂಕ. ಜಠರದ ದ್ರವವನ್ನು ಟಿ.ಬಿ. ಜೀವಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್‌ಗೆ ಕಳಿಸಿ, ಆದರೆ ಅದರ ಫಲಿತಾಂಶಕ್ಕಾಗಿ ಸ್ಕ್ಯಾನ್ ನಿಲ್ಲಿಸಬೇಡಿ.

ಕಳಿಸುವ ಮುನ್ನ ಮಗುವನ್ನು ಇನ್ನೊಮ್ಮೆ ಬಟ್ಟೆ ಬಿಚ್ಚಿ ನೋಡಿ. ಎಡ ರೆಪ್ಪೆ ಸ್ವಲ್ಪ ಇಳಿದಿದೆಯೇ, ಆ ಪಾಪೆ ಚಿಕ್ಕದೇ? ಕಾಲು ಒದೆಯುವ ಬಲ ಎರಡಕ್ಕೂ ಒಂದೇ ಇದೆಯೇ, ನಿಲ್ಲುತ್ತಿದ್ದ ಮಗು ನಿಲ್ಲುವುದನ್ನು ಬಿಟ್ಟಿದೆಯೇ? ಕಣ್ಣು ಅಡ್ಡಾದಿಡ್ಡಿ ಕುಣಿಯುತ್ತಿದೆಯೇ? ಹೊಟ್ಟೆಯಲ್ಲಿ ಗಡ್ಡೆ, ದೊಡ್ಡ ಪಿತ್ತಜನಕಾಂಗ, ಚರ್ಮದಡಿ ನೀಲಿ ಗಂಟು, ಏರಿದ ರಕ್ತದೊತ್ತಡ? ಇವುಗಳಲ್ಲಿ ಕಾಲಿನ ಬಲ ಒಂದೇ ದಿನದಲ್ಲಿ ನಿರ್ಧಾರ ಬದಲಿಸುವಂಥದ್ದು.

ಗ್ಯಾಂಟ್ರಿ (ಸಿ.ಟಿ. ಟೆಕ್ನಾಲಜಿಸ್ಟ್):

ಸಿ.ಟಿ. ಮಾಡುವುದೇ ಆದರೆ ಪ್ಲೇನ್ ಬೇಡ, ಕಾಂಟ್ರಾಸ್ಟ್ ಕೊಟ್ಟು ಒಂದೇ ಸಲ ಮಾಡಿ. "ಪ್ಲೇನ್ ಇಲ್ಲದಿದ್ದರೆ ಕ್ಯಾಲ್ಸಿಯಂ ತಿಳಿಯುವುದಿಲ್ಲ" ಎನ್ನುತ್ತಾರೆ. ನ್ಯೂರೋಬ್ಲಾಸ್ಟೋಮದ ಒರಟು ಸುಣ್ಣದ ಚುಕ್ಕೆಗಳು ಕಾಂಟ್ರಾಸ್ಟ್ ಸ್ಕ್ಯಾನಿನಲ್ಲೂ ಬೋನ್ ವಿಂಡೋಗೆ (ಎಲುಬು ನೋಡುವ ಸೆಟ್ಟಿಂಗ್) ಹೋದರೆ ಕಾಣುತ್ತವೆ. ಅದಕ್ಕಾಗಿ ವಿಕಿರಣ ಇಮ್ಮಡಿ ಮಾಡುವುದು ಮಗುವಿಗೆ ಅನ್ಯಾಯ.

9 ಕೆ.ಜಿ.ಗೆ 80 ಕೆ.ವಿ. (ಎಕ್ಸ್-ರೇ ಟ್ಯೂಬಿನ ವೋಲ್ಟೇಜ್) ಸಾಕು. ಕಡಿಮೆ ಕೆ.ವಿ.ಯಲ್ಲಿ ಅಯೋಡಿನ್ ಇನ್ನೂ ಚೆನ್ನಾಗಿ ಬೆಳಗುತ್ತದೆ, ಡೋಸೂ ಇಳಿಯುತ್ತದೆ. ದೊಡ್ಡವರ 120 ಕೆ.ವಿ. ಪ್ರೋಟೋಕಾಲ್ ತೆಗೆದು ಎಂ.ಎ. (ಟ್ಯೂಬಿನ ವಿದ್ಯುತ್ ಪ್ರವಾಹ) ಮಾತ್ರ ಕಡಿಮೆ ಮಾಡುವ ಅಭ್ಯಾಸ ಬಿಡಬೇಕು. ಕಾಂಟ್ರಾಸ್ಟ್ ಮಿ.ಲೀ.ಗೆ 300 ಮಿ.ಗ್ರಾಂ. ಅಯೋಡಿನ್ ಇರುವ ನಾನ್-ಅಯಾನಿಕ್, ಕೆ.ಜಿ.ಗೆ 2 ಮಿ.ಲೀ., ಅಂದರೆ 18 ಮಿ.ಲೀ. ಕ್ಯಾನುಲಾ ಬಲಗೈಗೆ ಹಾಕಿ. ಎಡಗೈಗೆ ಹಾಕಿದರೆ ಗಟ್ಟಿ ಕಾಂಟ್ರಾಸ್ಟ್ ಎದೆಯ ಮುಂಭಾಗವನ್ನು ಅಡ್ಡ ಹಾಯುವ ದೊಡ್ಡ ರಕ್ತನಾಳದಲ್ಲಿ ನಿಂತು ಗೆರೆಗೆರೆ ಬರುತ್ತದೆ. ಈ ಗಡ್ಡೆ ಎಡ ಮೇಲ್ಭಾಗದಲ್ಲೇ ಇರುವುದರಿಂದ ತೊಂದರೆ ಇನ್ನೂ ಜಾಸ್ತಿ. 24 ಗೇಜ್ ಆದರೆ ಸೆಕೆಂಡಿಗೆ 1 ಮಿ.ಲೀ. ಮೀರಬೇಡಿ. ಕೊಡಲು ಶುರು ಮಾಡಿದ 50–55ನೇ ಸೆಕೆಂಡಿಗೆ ಸ್ಕ್ಯಾನ್. ಆ ಹೊತ್ತಿಗೆ ಅಪಧಮನಿ, ಸಿರೆ ಎರಡೂ ತುಂಬಿರುತ್ತವೆ, ಗಡ್ಡೆ ಯಾವ ರಕ್ತನಾಳವನ್ನು ಸುತ್ತಿದೆ ಎಂಬುದು ತಿಳಿಯುತ್ತದೆ.

ಯಾರೂ ಲೆಕ್ಕ ಹಾಕದ ಒಂದು ವಿಷಯವಿದೆ. ಇಂಜೆಕ್ಟರಿನ ಉದ್ದ ಟ್ಯೂಬಿನಲ್ಲೇ ಕೆಲವು ಮಿ.ಲೀ. ಕಾಂಟ್ರಾಸ್ಟ್ ಉಳಿದುಬಿಡುತ್ತದೆ. 80 ಮಿ.ಲೀ. ಕೊಡುವ ದೊಡ್ಡವರಲ್ಲಿ ಅದು ಲೆಕ್ಕಕ್ಕಿಲ್ಲ. 18 ಮಿ.ಲೀ.ಯಲ್ಲಿ 4 ಮಿ.ಲೀ. ಟ್ಯೂಬಿನಲ್ಲಿ ನಿಂತರೆ ಚಿತ್ರ ಮಂಕು. ಚಿಕ್ಕ ಟ್ಯೂಬ್ ಬಳಸಿ, ಹಿಂದೆಯೇ 10 ಮಿ.ಲೀ. ಸಲೈನ್ ತಳ್ಳಿ. ಒಂದೇ ತಲೆಯ ಇಂಜೆಕ್ಟರಾದರೆ ಕೈಯಲ್ಲೇ ಕೊಡುವುದು ವಾಸಿ.

ಮಗುವನ್ನು ಗ್ಯಾಂಟ್ರಿಯ (ಯಂತ್ರದ ಉಂಗುರದ) ನಟ್ಟನಡುವೆ ತನ್ನಿ. ಟೇಬಲ್ ಮೇಲೆ-ಕೆಳಗೆ ಆದರೆ ಟೊಪೋಗ್ರಾಮಿನಲ್ಲಿ (ಮೊದಲು ತೆಗೆಯುವ ಅಂದಾಜು ಚಿತ್ರ) ಮಗು ಇರುವುದಕ್ಕಿಂತ ದಪ್ಪ ಅಥವಾ ಸಣ್ಣ ಕಂಡು, ಯಂತ್ರ ತಾನೇ ಆರಿಸುವ ಎಂ.ಎ. ತಪ್ಪುತ್ತದೆ. ಕೈ ಎರಡೂ ತಲೆಯ ಮೇಲೆ. ಕೊರಳಿನ ತಾಯತ, ಸೊಂಟದ ಬೆಳ್ಳಿ ಉಡಿದಾರ, ಇ.ಸಿ.ಜಿ. ಲೀಡು ದೂರ ಸರಿಸಿ. ಅಜ್ಜಿಯಂದಿರು ಉಡಿದಾರ ಬಿಚ್ಚಲು ಒಪ್ಪದಿದ್ದರೆ ತೊಡೆಯ ಕಡೆಗೆ ಜಾರಿಸಿದರೂ ಸಾಕು. ಕತ್ತಿನ ಕೆಳಭಾಗದಿಂದ ಅಡ್ರಿನಲ್ ಗ್ರಂಥಿಯವರೆಗೆ ಒಂದೇ ಓಟ.

ಮುಗಿದ ಮೇಲೆ ಡೋಸ್ ಪುಟ ಓದಿ. ಯುರೋಪಿನ ಮಕ್ಕಳ ಮಾರ್ಗಸೂಚಿಯಲ್ಲಿ 5ರಿಂದ 15 ಕೆ.ಜಿ. ತೂಕದವರ ಎದೆಗೆ 1.8 ಮಿಲಿಗ್ರೇ ಎಂದಿದೆ. ಇದು 32 ಸೆಂ.ಮೀ. ಫ್ಯಾಂಟಮ್ಮಿನ (ಡೋಸ್ ಅಳೆಯುವ ಪ್ಲಾಸ್ಟಿಕ್ ಉರುಳೆ) ಲೆಕ್ಕ. ನಿಮ್ಮ ಯಂತ್ರ 16 ಸೆಂ.ಮೀ. ಫ್ಯಾಂಟಮ್ಮಿನಲ್ಲಿ ತೋರಿಸುತ್ತಿದ್ದರೆ ಅಷ್ಟೇ ವಿಕಿರಣಕ್ಕೆ ಅಂಕಿ ಸುಮಾರು ಎರಡು ಪಟ್ಟು ಬರುತ್ತದೆ. ಎರಡನ್ನೂ ಬೆರೆಸಿ "ನಮ್ಮದು ಕಡಿಮೆ, ಅವರದು ಜಾಸ್ತಿ" ಎಂದು ವಾದ ಮಾಡುವವರನ್ನು ಎಲ್ಲ ಕಡೆ ನೋಡಬಹುದು.

ಉಸಿರು_ನಿಗಾ (ಅರಿವಳಿಕೆ):

ಮಂಪರಿನ ಪ್ರಶ್ನೆಗೆ ಉತ್ತರ ಗಡ್ಡೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಹಿಂದಿನ ಗಡ್ಡೆ, ಉಸಿರಾಟ ಸರಾಗ, ಮಲಗಿದರೂ ಆಮ್ಲಜನಕ ಇಳಿಯುವುದಿಲ್ಲ ಎಂದಾದರೆ ಮಾಮೂಲಿ ಎಚ್ಚರಿಕೆ ಸಾಕು. 16 ಸ್ಲೈಸಿನ ಯಂತ್ರದಲ್ಲಿ ಈ ಸೈಜಿನ ಎದೆ ಕೆಲವೇ ಸೆಕೆಂಡಿನ ಕೆಲಸ. ಬೆಳಿಗ್ಗೆ ಬೇಗ ಎಬ್ಬಿಸಿ, ಕ್ಯಾನುಲಾ ಒಂದು ಗಂಟೆ ಮೊದಲೇ ಹಾಕಿ, ನಿದ್ದೆಯ ಹೊತ್ತಿಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಬಹಳಷ್ಟು ಸಲ ಔಷಧಿಯೇ ಬೇಡ. ಬೇಕಾದರೆ ಟ್ರೈಕ್ಲೋಫಾಸ್ ಸಿರಪ್ ಕೆ.ಜಿ.ಗೆ 50 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 500 ಮಿ.ಗ್ರಾಂ. ಇರುವ ಬಾಟಲಿಯಾದರೆ ಈ ಮಗುವಿಗೆ 4.5 ಮಿ.ಲೀ. ಮುಕ್ಕಾಲು ಗಂಟೆ ಕಾಯಬೇಕು. ಹತ್ತೇ ನಿಮಿಷಕ್ಕೆ "ಮಲಗಲಿಲ್ಲ" ಎಂದು ಮೇಲೆ ಮಿಡಜೋಲಾಮ್ ಎಂಬ ಇನ್ನೊಂದು ಮಂಪರಿನ ಔಷಧಿ ಸೇರಿಸುವುದರಿಂದಲೇ ಅನಾಹುತ ಆಗುವುದು, ಎರಡೂ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಎದೆಹಾಲು ನಿಲ್ಲಿಸಿ 4 ಗಂಟೆ, ಹಸುವಿನ ಹಾಲು, ಗಂಜಿ, ರಾಗಿ ಸರಿಗೆ 6 ಗಂಟೆ, ನೀರಿಗೆ 2 ಗಂಟೆ. ತಾಯಂದಿರು ಸರಿಯನ್ನು ನೀರಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ, ಬಾಯಿ ಬಿಟ್ಟು ಕೇಳಿ.

ಮುಂದಿನ ಗಡ್ಡೆಯಾಗಿದ್ದರೆ ಕಥೆಯೇ ಬೇರೆ. ಇದೇ ಎಳೆಯನ್ನು ಓದಿ ಯಾರೋ 10 ವರ್ಷದ ಲಿಂಫೋಮ (ದುಗ್ಧಗ್ರಂಥಿಯ ಕ್ಯಾನ್ಸರ್) ಮಗುವಿಗೆ ಸಿರಪ್ ಕುಡಿಸಬಾರದು ಎಂದು ಬರೆಯುತ್ತಿದ್ದೇನೆ. ಅಂಗಾತ ಮಲಗಲು ಒಪ್ಪದ ಮಗು, ಕೂತೇ ನಿದ್ದೆ ಮಾಡುವ ಮಗು, ಮುಖ ಕತ್ತು ಊದಿದ, ಉಸಿರಿಗೆ ಕೊರಕೊರ ಸದ್ದಿರುವ ಮಗು: ಇವರಿಗೆ ಮಂಪರೂ ಬೇಡ, ಬಲವಂತದ ಅಂಗಾತವೂ ಬೇಡ. ಎಚ್ಚರವಿದ್ದಾಗ ಎದೆಯ ಸ್ನಾಯುಗಳ ಬಿಗಿಯೇ ಗಡ್ಡೆಯನ್ನು ಶ್ವಾಸನಾಳದಿಂದ ಎತ್ತಿ ಹಿಡಿದಿರುತ್ತದೆ. ಆ ಬಿಗಿ ಸಡಿಲಿದೊಡನೆ ಗಡ್ಡೆ ಕುಸಿದು ಕೂರುತ್ತದೆ. ಒತ್ತಡ ಶ್ವಾಸನಾಳ ಕವಲೊಡೆಯುವ ಜಾಗದಿಂದ ಕೆಳಗಿದ್ದರೆ ಟ್ಯೂಬ್ ಹಾಕಿದರೂ ಗಾಳಿ ದಾಟುವುದಿಲ್ಲ. ಸಿ.ಟಿ.ಯಲ್ಲಿ ಶ್ವಾಸನಾಳದ ಅಡ್ಡಕೊಯ್ತದ ವಿಸ್ತೀರ್ಣ ವಯಸ್ಸಿಗೆ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆಯಿದ್ದರೆ ಪೂರ್ಣ ಅರಿವಳಿಕೆ ಅಪಾಯ. ಸ್ಕ್ಯಾನ್ ಮಾಡಲೇಬೇಕಿದ್ದರೆ ಪಕ್ಕಕ್ಕೆ ಅಥವಾ ಬೋರಲಾಗಿ ಮಲಗಿಸಿ ಮಾಡಿ, ಚಿತ್ರ ಓರೆಯಾದರೂ ಓದಬಹುದು. ಎದೆಯಲ್ಲಿ ನೀರಿದ್ದರೆ ಅದನ್ನೇ ಸ್ಥಳೀಯ ಅರಿವಳಿಕೆಯಲ್ಲಿ ತೆಗೆದು ಫ್ಲೋ ಸೈಟೋಮೆಟ್ರಿಗೆ (ಕೋಶಗಳ ಬಗೆ ಗುರುತಿಸುವ ಪರೀಕ್ಷೆ) ಕಳಿಸಿ. ಎಷ್ಟೋ ಸಲ ಕತ್ತಿನ ಗ್ರಂಥಿ ಅಥವಾ ರಕ್ತದ ಸ್ಮಿಯರ್ ಕೂಡ ಉತ್ತರ ಕೊಡುತ್ತದೆ. "ಸ್ವಲ್ಪ ಡೆಕ್ಸಾ ಕೊಟ್ಟು ನೋಡೋಣ" ಎಂದರೆ ಆ ಸ್ಟಿರಾಯ್ಡಿಗೆ ಗಡ್ಡೆ ಕರಗಿ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಜೀವಕ್ಕೇ ಬಂದಾಗ ಕೊಡಲೇಬೇಕಾಗುತ್ತದೆ, ಅದು ಬೇರೆ ಮಾತು.

ಮಕ್ಕಳ_ಓಪಿಡಿ:

ಎಲ್ಲರಿಗೂ ಧನ್ಯವಾದ. ಎಡ 3 ಮತ್ತು 4ನೇ ಪಕ್ಕೆಲುಬಿನ ಹಿಂಭಾಗ ಬಲಕ್ಕಿಂತ ತೆಳು, ನಡುವಿನ ಸಂದು ಅಗಲ. ಡಿಸ್ಕ್ ಸರಿಯಾಗಿದೆ. ಎಡ ರೆಪ್ಪೆ ಕೂದಲೆಳೆಯಷ್ಟು ಇಳಿದಿದೆ. ಅಳುವಾಗ ಆ ಅರ್ಧ ಮುಖ ಕೆಂಪಾಗುವುದಿಲ್ಲ ಎಂದು ತಾಯಿಯೇ ಹೇಳಿದರು. ಕಾಲುಗಳ ಬಲ ಸರಿ. ಈಗ ಇಲ್ಲಿ ಸಿ.ಟಿ. ಮಾಡಿಸಿ ಕಳಿಸಲೋ, ನೇರ ಕಳಿಸಲೋ?

ರಕ್ತಬೀಜ (ಮಕ್ಕಳ ಆಂಕಾಲಜಿ):

ನೇರ ಕಳಿಸಿ. ಇಳಿದ ರೆಪ್ಪೆ, ಕೆಂಪಾಗದ ಅರ್ಧ ಮುಖ ಆ ಸಿಂಪಥೆಟಿಕ್ ನರಕ್ಕೆ ಪೆಟ್ಟಾಗಿರುವ ಸೂಚನೆ. ಮಕ್ಕಳ ಕ್ಯಾನ್ಸರ್ ವಿಭಾಗ, ಎಂ.ಆರ್.ಐ., ನ್ಯೂಕ್ಲಿಯರ್ ಮೆಡಿಸಿನ್ ಒಂದೇ ಸೂರಿನಡಿ ಅಥವಾ ಒಂದೇ ಊರಲ್ಲಿ ಇರುವ ಕಡೆಗೆ. ಬೆನ್ನುಮೂಳೆಯ ಪಕ್ಕದ ಗಡ್ಡೆಯಲ್ಲಿ ಮೊದಲ ಪ್ರಶ್ನೆ "ಎಷ್ಟು ದೊಡ್ಡದು" ಎಂಬುದಲ್ಲ, "ಕಶೇರುಗಳ ನಡುವಿನ ರಂಧ್ರದಿಂದ ನುಸುಳಿ ಬೆನ್ನುಹುರಿಯ ಕಾಲುವೆಗೆ ಹೊಕ್ಕಿದೆಯೇ" ಎಂಬುದು. ಅದಕ್ಕೆ ಎಂ.ಆರ್.ಐ. ಕೊಡುವಷ್ಟು ಸ್ಪಷ್ಟ ಉತ್ತರ ಸಿ.ಟಿ. ಕೊಡುವುದಿಲ್ಲ. ಎಂ.ಆರ್.ಐ. ದಿನಾಂಕ ಎರಡು ವಾರ ದೂರ ಎಂದರೆ ಮಾತ್ರ ಇಲ್ಲಿನ ಸಿ.ಟಿ.ಗೆ ಅರ್ಥವಿದೆ. ಕಾಯುವ ದಿನಗಳಲ್ಲಿ ಕಾಲಿನ ಬಲ ಕುಂದಿದರೆ, ಮೂತ್ರ ನಿಂತರೆ ಅದೇ ದಿನ, ರಾತ್ರಿಯಾದರೂ ಹೊರಡಿಸಿ. ಬೆನ್ನುಹುರಿ ಒತ್ತಿ ಹೋದ ಬಲ ತಡವಾದಷ್ಟೂ ಮರಳುವುದು ಕಷ್ಟ.

ನ್ಯೂರೋಬ್ಲಾಸ್ಟೋಮದ 2009ರ ಅಂತರರಾಷ್ಟ್ರೀಯ ವರ್ಗೀಕರಣ ಸ್ಕ್ಯಾನಿನ ಮೇಲೇ ನಿಂತಿದೆ. ಒಂದೇ ಭಾಗದಲ್ಲಿದ್ದು ಅಪಾಯದ ಚಿಹ್ನೆ ಇಲ್ಲದಿದ್ದರೆ ಎಲ್1, ಒಂದಾದರೂ ಇದ್ದರೆ ಎಲ್2, ದೂರ ಹರಡಿದ್ದರೆ ಎಂ. 18 ತಿಂಗಳೊಳಗೆ ಚರ್ಮ, ಪಿತ್ತಜನಕಾಂಗ, ಅಸ್ಥಿಮಜ್ಜೆಗೆ ಮಾತ್ರ ಹರಡಿದ್ದರೆ ಎಂಎಸ್. ಎದೆಯಲ್ಲಿ ನೋಡಬೇಕಾದ ಅಪಾಯದ ಚಿಹ್ನೆಗಳು ಕೆಲವೇ. ಶ್ವಾಸನಾಳವನ್ನು ಒತ್ತಿದೆಯೇ, ದೊಡ್ಡ ರಕ್ತನಾಳವನ್ನು ಸುತ್ತಿದೆಯೇ (ಅಪಧಮನಿಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಗಡ್ಡೆಗೆ ತಾಗಿದ್ದರೆ ಸುತ್ತಿದೆ ಎಂದೇ ಲೆಕ್ಕ), ಬೆನ್ನುಹುರಿಯ ಕಾಲುವೆಯ ಮೂರನೇ ಒಂದಕ್ಕಿಂತ ಹೆಚ್ಚು ಜಾಗ ಹಿಡಿದಿದೆಯೇ. ಕೆಳ ಎದೆಯಾದರೆ ಟಿ9ರಿಂದ ಟಿ12ರ (ಎದೆಯ 9ರಿಂದ 12ನೇ ಕಶೇರು) ನಡುವೆ ಪಕ್ಕೆಲುಬು-ಕಶೇರು ಸಂಧಿಗೆ ಹೊಕ್ಕಿದೆಯೇ ಎಂಬುದೂ ಸೇರುತ್ತದೆ. ಬೆನ್ನುಹುರಿಗೆ ರಕ್ತ ಕೊಡುವ ಮುಖ್ಯ ಅಪಧಮನಿ ಸಾಮಾನ್ಯವಾಗಿ ಅಲ್ಲೇ ಹಾದುಹೋಗುತ್ತದೆ. ರಿಪೋರ್ಟಿನಲ್ಲಿ "ದೊಡ್ಡ ಗಡ್ಡೆ ಇದೆ" ಎಂದು ಬರೆದರೆ ಸರ್ಜನ್‌ಗೆ ಉಪಯೋಗವಿಲ್ಲ. ಈ ಒಂದೊಂದಕ್ಕೂ ಇದೆ, ಇಲ್ಲ ಎಂಬ ಉತ್ತರ ಬೇಕು.

ನೀವು ಇಲ್ಲೇ ಮಾಡಬಹುದಾದ್ದು: ರಕ್ತದ ಎಣಿಕೆ, ಎಲ್‌ಡಿಎಚ್, ಫೆರಿಟಿನ್, ಕ್ರಿಯಾಟಿನಿನ್, ಹೊಟ್ಟೆಯ ಅಲ್ಟ್ರಾಸೌಂಡ್. ಗಡ್ಡೆಯ ಸುಳಿವು ಕೊಡುವ ಮೂತ್ರದ ವಿಎಂಎ, ಎಚ್‌ವಿಎಗೆ 24 ಗಂಟೆ ಸಂಗ್ರಹಿಸುವ ಗೋಳು ಬೇಡ, ಒಂದೇ ಸಲದ ಮೂತ್ರವನ್ನು ಕ್ರಿಯಾಟಿನಿನ್ ಜೊತೆ ಅಳೆದರೆ ನಡೆಯುತ್ತದೆ. ಸೂಜಿ ಚುಚ್ಚುವುದು ಮಾತ್ರ ಬೇಡ. ಎಫ್‌ಎನ್‌ಎಸಿಯಲ್ಲಿ ಸಿಗುವ ನಾಲ್ಕು ಕೋಶದಿಂದ ಗಡ್ಡೆಯ ಪ್ರಭೇದವನ್ನು ಭರವಸೆಯಿಂದ ಹೇಳಲಾಗುವುದಿಲ್ಲ, ಎನ್-ಮಿಕ್ ಜೀನಿನ ಪರೀಕ್ಷೆಗೂ ಸಾಲದೆ ಹೋಗಬಹುದು.

ಕೆಮ್ಮಿಗೆ ಕೊಟ್ಟ ಸಿರಪ್ಪಿನ ಹೆಸರು ಪತ್ರದಲ್ಲಿ ಬರೆಯಿರಿ. ಮುಂದೆ ಎಂಐಬಿಜಿ (ವಿಕಿರಣಶೀಲ ಅಯೋಡಿನ್ ಸೇರಿಸಿದ ವಸ್ತು ಕೊಟ್ಟು ಮಾಡುವ) ಸ್ಕ್ಯಾನ್ ಬೇಕಾಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ನ್ಯೂರೋಬ್ಲಾಸ್ಟೋಮಗಳು ಅದನ್ನು ಹೀರಿಕೊಂಡು ಬೆಳಗುತ್ತವೆ. ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಸಿರಪ್ ಕುಡಿದಿದ್ದರೆ ಹೀರಿಕೆ ತಗ್ಗಿ, ಇರುವ ರೋಗವೂ ಇಲ್ಲವೆಂದು ಕಾಣಬಹುದು. ಹೇಗೂ ಕ್ಲೋರ್ಫೆನಿರಮಿನ್-ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಎಂಐಬಿಜಿಗೆ ಮುನ್ನ ಥೈರಾಯ್ಡ್ ಕಾಯಲು ಲುಗೋಲ್ ಅಯೋಡಿನ್ ಹನಿ ಶುರು ಮಾಡುತ್ತಾರೆ. ಮನೆಯವರು ಅದನ್ನು ಮರೆತರೆ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಗಡ್ಡೆ ಎಂಐಬಿಜಿ ಹೀರದಿದ್ದರೆ ಪೆಟ್ ಸ್ಕ್ಯಾನಿನ ದಾರಿ ಇದೆ.

ಎಕ್ಸ್-ರೇಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಪಕ್ಕೆಲುಬಿನ ಸವೆತ ಅಲ್ಲೇ ಮಾಯ. ಯಂತ್ರದ ಮೂಲ ಡೈಕಾಮ್ ಕಡತವನ್ನು ಸಿ.ಡಿ.ಗೆ ಹಾಕಿಸಿ ಕೈಗೆ ಕೊಡಿ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಂದೇ ಮಾಡಿಸಿ. ಎಷ್ಟೋ ಸಲ ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಇನ್ನೂ ಸೇರಿಸಿರುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ನೆರಳು_ಬೆಳಕು (ರೇಡಿಯಾಲಜಿ):

ಎಂ.ಆರ್.ಐ. ಕೋರಿಕೆಯಲ್ಲಿ ಬರೀ "ಎದೆ" ಎಂದು ಬರೆಯಬೇಡಿ. "ಎಡ ಮೇಲೆದೆಯ ಬೆನ್ನುಮೂಳೆ ಪಕ್ಕದ ಗಡ್ಡೆ, ಬೆನ್ನುಹುರಿ ಕಾಲುವೆಗೆ ಹೊಕ್ಕಿದೆಯೇ, ಎದೆ ಮತ್ತು ಇಡೀ ಬೆನ್ನುಹುರಿ" ಎಂದು ಬರೆಯಿರಿ. ಮುಕ್ಕಾಲು ಗಂಟೆಯ ಅರಿವಳಿಕೆಯಲ್ಲಿ ಎರಡೂ ಮುಗಿಯುತ್ತವೆ. ಇಲ್ಲದಿದ್ದರೆ ಬೆನ್ನುಹುರಿಗೆಂದು ಮಗುವನ್ನು ಇನ್ನೊಮ್ಮೆ ಮಲಗಿಸಬೇಕಾಗುತ್ತದೆ. ಅರಿವಳಿಕೆ ಯಾವಾಗ ಕೆಟ್ಟೀತೋ ಗೊತ್ತಿಲ್ಲ, ಆದ್ದರಿಂದ ಉದ್ದಕೊಯ್ತದ ಟಿ2 (ಟಿ2, ಸ್ಟಿರ್, ಡಿಫ್ಯೂಶನ್ ಇವು ಎಂ.ಆರ್.ಐ. ಚಿತ್ರದ ಬಗೆಗಳು) ಮೊದಲೇ ತೆಗೆಯಲಿ. ಆಮೇಲೆ ಮುಂಕೊಯ್ತದ ಸ್ಟಿರ್: ರಂಧ್ರದ ಒಳಗೊಂದು ಹೊರಗೊಂದು ಗುಂಡು ಇರುವ ಡಂಬೆಲ್ ಆಕಾರ ಕಾಣುವುದು ಅಲ್ಲೇ. ನಂತರ ಗಡ್ಡೆಯ ಮಟ್ಟದಲ್ಲಿ ಅಡ್ಡಕೊಯ್ತದ ಟಿ2, ಡಿಫ್ಯೂಶನ್, ಕೊನೆಗೆ ಕಾಂಟ್ರಾಸ್ಟ್.

ಎಂ.ಆರ್.ಐ. ಕಾಂಟ್ರಾಸ್ಟ್ ಆದ ಗ್ಯಾಡೋಲಿನಿಯಮ್ ಡೋಸಿನಲ್ಲಿ ಆಗುವ ತಪ್ಪು ಒಂದೇ ತೆರನದು. ಗ್ಯಾಡೋಟೆರೇಟ್ ಕೆ.ಜಿ.ಗೆ 0.2 ಮಿ.ಲೀ., ಈ ಮಗುವಿಗೆ 1.8. ಗ್ಯಾಡೋಬ್ಯುಟ್ರಾಲ್ ಎರಡು ಪಟ್ಟು ಗಟ್ಟಿ, ಹಾಗಾಗಿ ಕೆ.ಜಿ.ಗೆ 0.1 ಮಿ.ಲೀ., ಅಂದರೆ 0.9. ಬಾಟಲಿ ಬದಲಾದ ದಿನ ಹಳೆಯ ಲೆಕ್ಕದಲ್ಲೇ ಸಿರಿಂಜ್ ತುಂಬಿದರೆ ದುಪ್ಪಟ್ಟು ಹೋಗುತ್ತದೆ. ಮಿ.ಲೀ. ಜೊತೆ ಔಷಧಿಯ ಹೆಸರನ್ನೂ ಸಿರಿಂಜಿನ ಮೇಲೆ ಬರೆಯಲು ಹೇಳಿ.